ಬಸ್ಸಾರು, ಬಿಸಿ ಮುದ್ದೆ

ಹಳೇ ಮೈಸೂರು ಸೀಮೆಯ ಬಸ್ಸಾರು ಬಿಡುವಿಲ್ಲದವರ ಅಡುಗೆ. ಮಂಡ್ಯ, ಹಾಸನ, ತುಮಕೂರು, ರಾಮನಗರದ ಕಡೆ ಹೊತ್ತು ಮುಳುಗುವಾಗ ಹೊಲದಿಂದ ಬಂದವರು ಒಂದೇ ಪಾತ್ರೆಯಲ್ಲಿ ಕಾಳು, ಸೊಪ್ಪು ಬೇಯಿಸಿ, ಸಾರನ್ನೂ ಪಲ್ಯವನ್ನೂ ಅದರಿಂದಲೇ ತೆಗೆಯುತ್ತ ಬಂದರು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನುಗ್ಗಿ ರಾತ್ರಿ ಎಂಟಕ್ಕೆ ಮನೆ ಸೇರುವ ಗಂಡ ಹೆಂಡತಿಗೂ ಇದಕ್ಕಿಂತ ಒಗ್ಗುವ ಅಡುಗೆ ಸಿಗುವುದು ಕಷ್ಟ.

ಬೇಕಾಗುವುದು ಒಂದು ಹಿಡಿ ಕಾಳು, ಒಂದೆರಡು ಕಟ್ಟು ಸೊಪ್ಪು. ತೊಗರಿಬೇಳೆಯಾದರೆ ನೆನೆಸುವ ಕೆಲಸವಿಲ್ಲ. ಹೆಸರುಕಾಳು, ಅಲಸಂದೆ, ಹುರುಳಿಯನ್ನು ಬೆಳಿಗ್ಗೆ ನೀರಿಗೆ ಹಾಕಿಟ್ಟು ಹೋದರೆ ಸಂಜೆಗೆ ಸಿದ್ಧ. ಚಳಿಗಾಲದಲ್ಲಿ ಹಸಿ ಅವರೆಕಾಳು ಬಂದರೆ ಮಿಕ್ಕ ಕಾಳುಗಳನ್ನು ಯಾರೂ ನೆನೆಯುವುದಿಲ್ಲ. ದಂಟು, ಕೀರೆ, ಸಬ್ಬಸಿಗೆ, ನುಗ್ಗೆ ಎಲ್ಲವೂ ನಡೆಯುತ್ತದೆ. ಮಳೆ ಬಿದ್ದ ಮೇಲೆ ಕಳೆ ಕೀಳಲು ಹೋದ ಹೆಂಗಸರು ಅಣ್ಣೆ, ಹೊನಗೊನ್ನೆ, ಗಣಿಕೆ ಸೊಪ್ಪನ್ನು ಮಡಿಲು ತುಂಬಿ ತರುತ್ತಾರೆ. ಆ ಬೆರಕೆ ಸೊಪ್ಪಿನ ಬಸ್ಸಾರಿಗೆ ಸಾಟಿಯಿಲ್ಲ.

ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು, ಉಪ್ಪು ಹಾಕಬೇಕು. ಇಡೀ ಅಡುಗೆಯ ಸೂಕ್ಷ್ಮ ಇಲ್ಲಿದೆ. ಬೆರಳಿನಲ್ಲಿ ಹಿಚುಕಿದರೆ ಕಾಳು ಮೆತ್ತಗಿರಬೇಕು, ಆದರೆ ಆಕಾರ ಬಿಟ್ಟಿರಬಾರದು. ಕುಕ್ಕರ್‌ನಲ್ಲಿ ಒಂದು ವಿಷಲ್ ಹೆಚ್ಚಾದರೂ ಬೇಳೆ ಕರಗಿ ಪಲ್ಯ ಮುದ್ದೆಯಾಗುತ್ತದೆ, ಸಾರು ಮಂದವಾಗುತ್ತದೆ. ಬೆಂದದ್ದನ್ನು ಬಸಿದಾಗ ಕೆಳಗಿಳಿಯುವ ನೀರೇ ಕಟ್ಟು. ಕಾಳು, ಸೊಪ್ಪಿನಿಂದ ನೀರಿಗೆ ಬಿಟ್ಟುಕೊಂಡ ಸತ್ವ ಚರಂಡಿ ಸೇರದೆ ಸಾರಾಗಿ ಊಟಕ್ಕೆ ಬರುತ್ತದೆ.

ಬಸಿದುಳಿದ ಕಾಳು-ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ ಮುಗಿಯಿತು. ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಜೀರಿಗೆ, ನಾಲ್ಕು ಕಾಳು ಮೆಣಸು, ಸಾರಿನ ಪುಡಿ, ಕಾಯಿ, ಹುಣಸೆಹಣ್ಣು ಸೇರಿಸಿ ರುಬ್ಬಬೇಕು. ಬೆಂದ ಕಾಳು-ಸೊಪ್ಪನ್ನೂ ಒಂದು ಸೌಟು ಅದಕ್ಕೇ ಹಾಕಿದರೆ ಸಾರಿಗೆ ಮೈ ಬರುತ್ತದೆ. ಈ ಖಾರವನ್ನು ಕಟ್ಟಿಗೆ ಬೆರೆಸಿ ಕುದಿಸಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಹಾಕಿದಾಗ ಏಳುವ ಘಮ ಪಕ್ಕದ ಮನೆಗೂ ಸುದ್ದಿ ಮುಟ್ಟಿಸುತ್ತದೆ.

ಅಷ್ಟೂ ಪುರುಸೊತ್ತಿಲ್ಲದ ದಿನಕ್ಕೆ ಉಪ್ಸಾರಿದೆ. ಕಟ್ಟನ್ನು ಹಾಗೆಯೇ ಇಟ್ಟು, ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಹುಣಸೆಯ ಖಾರವನ್ನು ಗಟ್ಟಿಯಾಗಿ ರುಬ್ಬಿಕೊಂಡರೆ ಆಯಿತು. ತಟ್ಟೆಯಲ್ಲಿ ಯಾರಿಗೆ ಎಷ್ಟು ಬೇಕೋ ಅಷ್ಟು ಖಾರವನ್ನು ಅವರವರೇ ಕಟ್ಟಿಗೆ ಕಲಸಿಕೊಳ್ಳುತ್ತಾರೆ. ಮಗುವಿಗೂ ಅಜ್ಜನಿಗೂ ಬೇರೆ ಬೇರೆ ಸಾರು ಮಾಡಬೇಕಿಲ್ಲ.

ಇವೆರಡಕ್ಕೂ ತಕ್ಕ ಜೋಡಿ ರಾಗಿ ಮುದ್ದೆ. ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರಿನ ಎಸರಿಟ್ಟು, ಒಂದು ಚಮಚ ಹಿಟ್ಟನ್ನು ಮೊದಲೇ ಕದಡಿ ಬಿಡುತ್ತಾರೆ. ಎಸರು ಮರಳಿದಾಗ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ತೂತು ಮಾಡಿ, ಕಲಕದೆ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಲು ಬಿಡಬೇಕು. ಆಮೇಲೆ ಗಂಟಿಲ್ಲದಂತೆ ತಿರುವುವುದಕ್ಕೆ ತೋಳಿನ ಬಲವೇ ಬೇಕು. ಮತ್ತೆ ಮುಚ್ಚಿ ಕೊಂಚ ಹೊತ್ತು ಬೇಯಿಸಿ, ಒದ್ದೆ ಕೈಯಲ್ಲಿ ಉಂಡೆ ಕಟ್ಟಿದರೆ ಕನ್ನಡಿಯಂತೆ ಹೊಳೆಯುತ್ತದೆ. ಹಸಿ ಹಿಟ್ಟಿನ ವಾಸನೆ ಉಳಿದಿದ್ದರೆ ತಿರುವಿದವರು ಅವಸರ ಮಾಡಿದ್ದಾರೆ ಎಂದೇ ಅರ್ಥ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಇದರ ಹತ್ತಿರವೂ ಬರುವುದಿಲ್ಲ.

ಈ ಊಟದ ದೊಡ್ಡ ಗುಣ ಬೇರೆಯೇ ಇದೆ. ಮುದ್ದೆ ಯಾರಿಗೂ ಕಾಯುವುದಿಲ್ಲ. ಆರಿದರೆ ಮೇಲೆ ಹೊಪ್ಪಳೆ ಕಟ್ಟಿ ಗಟ್ಟಿಯಾಗುತ್ತದೆ, ಗಂಟಲಲ್ಲಿ ಇಳಿಯುವುದಿಲ್ಲ. ಒಬ್ಬರು ಎಂಟಕ್ಕೆ, ಇನ್ನೊಬ್ಬರು ಹತ್ತಕ್ಕೆ ಉಣ್ಣುವ ಮನೆಯಲ್ಲೂ ಮುದ್ದೆಯ ದಿನ ತಟ್ಟೆಗಳು ಒಟ್ಟಿಗೇ ಬೀಳಬೇಕು. ಕೆಲಸವೂ ಹಾಗೆಯೇ ಹಂಚಿಹೋಗುತ್ತದೆ: ಮಕ್ಕಳು ಟಿವಿ ಮುಂದೆ ಕೂತೇ ಸೊಪ್ಪು ಬಿಡಿಸಬಹುದು, ಒಬ್ಬರು ಖಾರ ರುಬ್ಬಿದರೆ ಇನ್ನೊಬ್ಬರು ಮುದ್ದೆ ತಿರುವಬಹುದು. ತುತ್ತು ಮುರಿದು ಸಾರಿನಲ್ಲಿ ಅದ್ದಿ ಅಗಿಯದೆ ನುಂಗುವ ಊಟದಲ್ಲಿ ಬಲಗೈ ಪೂರ್ತಿ ತೊಡಗಿರುತ್ತದೆ, ಮೊಬೈಲ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಮುದ್ದೆಯಾದ ಮೇಲೆ ಒಂದು ಸೌಟು ಅನ್ನ, ಅದೇ ಸಾರು, ಕೊನೆಗೆ ಮಜ್ಜಿಗೆ.

ಕಾಯಿ ಹಾಕಿದ ಪಲ್ಯ ಅಂದಿನ ರಾತ್ರಿಗೇ ಖರ್ಚಾಗಬೇಕು. ಉಳಿದ ಬಸ್ಸಾರನ್ನು ಬೆಳಿಗ್ಗೆ ಮತ್ತೊಮ್ಮೆ ಕುದಿಸಿದರೆ ಖಾರ, ಹುಳಿ ಹೊಂದಿಕೊಂಡು ಮೊದಲ ದಿನಕ್ಕಿಂತ ರುಚಿಯಾಗುತ್ತದೆ, ಡಬ್ಬಿಯ ಅನ್ನಕ್ಕೂ ಒದಗುತ್ತದೆ.