ಬಿಲ್ಲು ಯಾರ ಹೆಸರಿಗೆ?

ಕಾರು ರಿಪೇರಿಯ ಶೆಡ್ಡಿನಲ್ಲಿ ಕೈಗೆ ಗ್ರೀಸು ಹತ್ತದ, ಕಿವಿಗೆ ಬೈಗುಳ ಮಾತ್ರ ಬೀಳುವ ಕೆಲಸವೊಂದಿದೆ. ಅದನ್ನು ಮಾಡುವವನಿಗೆ ಸರ್ವಿಸ್ ಮ್ಯಾನೇಜರ್ ಎನ್ನುತ್ತಾರೆ. ಮೆಕ್ಯಾನಿಕ್ ಗಾಡಿಯ ಅಡಿಗೆ ಮಲಗಿರುತ್ತಾನೆ, ಮಾಲೀಕರು ಎ.ಸಿ. ಕೋಣೆಯ ಸೋಫಾದಲ್ಲಿ ಕೂತಿರುತ್ತಾರೆ, ನಡುವೆ ಫೈಲು ಹಿಡಿದು ನಿಂತವನು ನಾನು.

ಕಾರವಾರದಲ್ಲಿ ಹಾಗೆ ನಿಲ್ಲಬೇಕಾದರೆ ನಾಲ್ಕಾರು ಭಾಷೆ ಬೇಕು. ಊರಿನ ಕೊಂಕಣಿ, ಕನ್ನಡ ಹೇಗೂ ಉಂಟು. 2000ದಲ್ಲಿ ಕೈಗಾ ಅಣುಸ್ಥಾವರದಲ್ಲಿ ವಾಣಿಜ್ಯ ವಿದ್ಯುತ್ ಉತ್ಪಾದನೆ ಶುರುವಾಯಿತು, 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಬಂತು. ಆಮೇಲೆ ಕೆಎ-30 ಪ್ಲೇಟಿನ ಪಕ್ಕದಲ್ಲಿ ದೇಶದ ಎಲ್ಲ ರಾಜ್ಯಗಳ ಪ್ಲೇಟುಗಳೂ ಸಾಲಾಗಿ ನಿಲ್ಲತೊಡಗಿದವು. ಆದರೆ ದೂರು ಯಾವ ಭಾಷೆಯಲ್ಲಿ ಶುರುವಾದರೂ ಕೊನೆಗೆ ಎಲ್ಲರೂ ಬಾಯಲ್ಲೇ ಸದ್ದು ಮಾಡಿ ತೋರಿಸುತ್ತಾರೆ. ನೌಕಾನೆಲೆಯವರು ‘ಖಡ್ ಖಡ್’ ಎನ್ನುತ್ತಾರೆ. ಸದಾಶಿವಗಡದ ಮೀನು ವ್ಯಾಪಾರಿ ‘ಕುಂಯ್ ಕುಂಯ್’ ಎನ್ನುತ್ತಾರೆ. ಅಂಕೋಲೆಯ ಮಾಸ್ತರರು ಕಣ್ಣು ಮುಚ್ಚಿ, ಧ್ಯಾನಿಸಿ, ‘ಕಿರ್ರ್ ಅಂತದೆ ತಮಾ’ ಎನ್ನುತ್ತಾರೆ. ನಾನು ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳುವುದು ಒಂದೇ: ಮುಂದಿನ ಎಡಗಾಲಿಯಲ್ಲಿ ಸದ್ದು.

ಜಾಬ್ ಕಾರ್ಡಿನಲ್ಲಿ ಮಾಲೀಕರ ದೂರಿಗೆ, ಮೆಕ್ಯಾನಿಕ್ ಕಂಡದ್ದಕ್ಕೆ, ಪಾರ್ಟ್ಸಿಗೆ, ಲೇಬರಿಗೆ ಒಂದೊಂದು ಕಾಲಂ ಇದೆ. ಸಮುದ್ರಕ್ಕೆ, ಘಟ್ಟಕ್ಕೆ, ಹೊಳೆಗೆ ಕಾಲಂ ಇಲ್ಲ. ಆದರೆ ನಮ್ಮ ಗೇಟಿನೊಳಗೆ ಬರುವ ರೋಗಗಳಲ್ಲಿ ಬಹಳಷ್ಟನ್ನು ಕೊಟ್ಟು ಕಳಿಸುವವರು ಈ ಮೂವರೇ.

ಮೊದಲು ಸಮುದ್ರ. ಕಾರವಾರದಲ್ಲಿ ಹೆದ್ದಾರಿ ಕಡಲಿನ ಮಗ್ಗುಲಲ್ಲೇ ಹೋಗುತ್ತದೆ. ಸಂಜೆ ಮನೆಮಂದಿ ಟಾಗೋರ್ ತೀರದ ಮರಳಿಗಿಳಿದು ಗಾಳಿ ಕುಡಿಯುತ್ತಾರೆ, ಗಾಡಿ ರಸ್ತೆಬದಿಯಲ್ಲಿ ನಿಂತು ಅದೇ ಗಾಳಿ ಕುಡಿಯುತ್ತದೆ. ಉಪ್ಪು ತಾನೇ ಕಬ್ಬಿಣವನ್ನು ತಿನ್ನುವುದಿಲ್ಲ. ಗಾಳಿಯ ತೇವವನ್ನು ಎಳೆದು ಹಿಡಿದಿಟ್ಟುಕೊಂಡು, ಅದರಲ್ಲಿ ಕರಗಿ, ತುಕ್ಕಿನ ಕೆಲಸ ಬೇಗ ಮುಗಿಯುವಂತೆ ನೋಡಿಕೊಳ್ಳುತ್ತದೆ. ಬಾಗಿಲುಗಳ ತಳದಲ್ಲಿ ನೀರಿಳಿಯಲೆಂದು ಸಣ್ಣ ತೂತುಗಳಿರುತ್ತವೆ. ಅವುಗಳಲ್ಲಿ ಮರಳು ಕೂತರೆ ನೀರು ಒಳಗೇ ನಿಲ್ಲುತ್ತದೆ, ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಬಣ್ಣದ ಮೇಲೆ ಗುಳ್ಳೆ ಎದ್ದ ದಿನ ಮಾಲೀಕರು ಓಡಿಬರುತ್ತಾರೆ. ಅಷ್ಟರಲ್ಲಿ ತಗಡು ಕೆಟ್ಟು ಕಾಲವಾಗಿರುತ್ತದೆ. ಇಷ್ಟು ಸಾಲದೆಂಬಂತೆ ಬೈತಖೋಲದಿಂದ ಹೊರಟ ಮೀನಿನ ಲಾರಿಯೊಂದು ದಾರಿಯುದ್ದಕ್ಕೂ ಐಸಿನ ಉಪ್ಪುನೀರು ಸುರಿಸುತ್ತ ಮುಂದೆ ಹೋಗುತ್ತಿರುತ್ತದೆ. ನಮ್ಮವರಿಗೆ ಅದನ್ನು ಓವರ್‌ಟೇಕ್ ಮಾಡುವ ಅವಸರವಿಲ್ಲ. ಡಿಕ್ಕಿಯಲ್ಲಿ ಅವರದೇ ಬಂಗುಡೆ ಇರುತ್ತದೆ, ಅದೂ ಸೋರುತ್ತಿರುತ್ತದೆ.

ಮಳೆಗಾಲದ್ದು ಇನ್ನೊಂದು ಬಗೆ. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಸುರಿಯುವ ಊರಿನಲ್ಲಿ ಗಾಡಿಯನ್ನು ಹೊರಗೆ ತೆಗೆಯದೆ ಜೋಪಾನ ಮಾಡುವವರಿದ್ದಾರೆ. ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದರೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ, ಬಾನೆಟ್ಟಿನ ಬೆಚ್ಚಗಿನ ಮೂಲೆಯಲ್ಲಿ ಇಲಿ ಸಂಸಾರ ಹೂಡಿ ವೈರು ಕಡಿಯುತ್ತದೆ. ಗೇರಿನಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಡಿ, ಆಗಾಗ ಒಂದು ಸುತ್ತು ಓಡಿಸಿ ಎಂದರೆ, “ಓಡಿಸದ ಗಾಡಿ ಹೇಗೆ ಹಾಳಾಗ್ತದೆ ಮಾರಾಯ್ರೇ?” ಎಂದು ನನ್ನನ್ನೇ ಸಂಶಯದಿಂದ ನೋಡುತ್ತಾರೆ.

ಎರಡನೆಯದು ಘಟ್ಟ. ಪಂಜಾಬಿನ ಸಂಗ್ರೂರಿನಿಂದ ಹೊರಟ 52ನೇ ಹೆದ್ದಾರಿ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲಿನಲ್ಲಿ ಕೆಳಗಿಳಿದು ಅಂಕೋಲೆಯಲ್ಲಿ ಮುಗಿಯುತ್ತದೆ. ಕೆಲವು ಬ್ರೇಕುಗಳೂ ಅಲ್ಲೇ ಮುಗಿಯುತ್ತವೆ. ಎಣ್ಣೆ ಉಳಿಸಲು ನ್ಯೂಟ್ರಲ್ ಹಾಕಿ ಇಳಿಸುವವರು ಎಂಜಿನ್ನಿನ ಹಿಡಿತ ಕಳೆದುಕೊಳ್ಳುತ್ತಾರೆ, ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಕಾದ ಡಿಸ್ಕ್ ಬುಡದ ಹೊಂಡದ ತಣ್ಣೀರಿಗೆ ಬಿತ್ತೆಂದರೆ ಸೊಟ್ಟಗಾಗುವುದೂ ಉಂಟು, ಆಮೇಲೆ ಬ್ರೇಕ್ ತುಳಿದಾಗಲೆಲ್ಲ ಸ್ಟಿಯರಿಂಗ್ ನಡುಗುತ್ತದೆ. ಯಲ್ಲಾಪುರದ ಕಡೆಯ ಅಡಿಕೆ ತೋಟದವರೊಬ್ಬರು ಇದೇ ದೂರು ಹೊತ್ತು ಮತ್ತೆ ಮತ್ತೆ ಬರುತ್ತಾರೆ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂದು ನಾನು ಹೇಳುತ್ತೇನೆ. “ಹೌದು ಹೌದು” ಎನ್ನುತ್ತಾರೆ. ಘಟ್ಟದ ಮೇಲಿನ ಜನ ಮರ್ಯಾದಸ್ಥರು; ಒಪ್ಪಿಕೊಂಡೇ ನ್ಯೂಟ್ರಲ್ ಹಾಕುತ್ತಾರೆ.

ಈ ಘಟ್ಟದ ಇನ್ನೊಂದು ಕಾಲವನ್ನೂ ಕಂಡಿದ್ದೇನೆ. ಆಗ ನಾನು ಅಂಕೋಲೆಯ ರಸ್ತೆಬದಿಯ ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿ ಕೊಡುವ ಹುಡುಗ. ಹೊಸಪೇಟೆ, ಸಂಡೂರಿನ ಅದಿರು ಹೊತ್ತ ಲಾರಿಗಳು ಹಗಲೂ ರಾತ್ರಿ ಇಳಿದು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದವು. ಭಾರ ತಾಳದೆ ಮುರಿದ ಸ್ಪ್ರಿಂಗ್ ಪಟ್ಟಿಗಳ ರಾಶಿ ನಮ್ಮ ಅಂಗಳದಲ್ಲಿ ಬೆಳೆಯುತ್ತಿತ್ತು. ಪರ್ಮಿಟ್ಟಿನಲ್ಲಿ ಎಷ್ಟು ಟನ್ ಬರೆದಿದ್ದರೇನು, ಪಟ್ಟಿ ನಿಜ ಹೇಳುತ್ತಿತ್ತು. 2010ರ ಜುಲೈನಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಬೇಲೆಕೇರಿಯಲ್ಲಿ ಜಪ್ತಾಗಿದ್ದ ಅದಿರು ಬಂದರಿನಿಂದಲೇ ಮಾಯವಾದ ಕತೆ ಲೋಕಾಯುಕ್ತಕ್ಕೆ, ಕೋರ್ಟಿಗೆ ಹೋಯಿತು. ಪೇಪರಿನಲ್ಲಿ ಓದಿದವರಿಗೆ ಅದು ಹಗರಣ. ನಮಗೆ ಅದು ಥಟ್ಟನೆ ಖಾಲಿಯಾದ ಅಂಗಳ. ಕೆಂಪು ಧೂಳು ತೊಳೆದು ಹೋಗಲು ಮಾತ್ರ ಮತ್ತೆ ಕೆಲವು ಮಳೆಗಾಲ ಬೇಕಾದವು.

ಮೂರನೆಯದು ಹೊಳೆ. ಗಂಗಾವಳಿ 2019ರಲ್ಲಿ ಉಕ್ಕಿತು, 2021ರಲ್ಲಿ ಮತ್ತೆ ಉಕ್ಕಿತು. ನೆರೆ ಇಳಿದ ಮೇಲೆ ಕೆಸರು ಮೆತ್ತಿದ ಕಾರುಗಳು ಟೋಯಿಂಗ್ ಗಾಡಿಯ ಮೇಲೆ ಬರುತ್ತವೆ. ನಾನು ಕೇಳುವ ಮೊದಲ ಪ್ರಶ್ನೆ: “ಕೀ ತಿರುಗಿಸಿದಿರಾ?” ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಒಳಗೆ ನೀರಿರುವಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ನಿಗೆಂದು ಬೇರೆ ವಿಮೆ ಮಾಡಿಸದಿದ್ದರೆ ಆ ಖರ್ಚನ್ನು ಸರ್ವೇಯರ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಮುಳುಗಿದ ಗಾಡಿಯ ಕೀ ಮುಟ್ಟದೆ, ಬ್ಯಾಟರಿ ವೈರು ಬಿಚ್ಚಿ, ಎಳೆಸಿಕೊಂಡು ಬಂದವರು ದುಡ್ಡು ಉಳಿಸಿಕೊಳ್ಳುತ್ತಾರೆ. ‘ಒಂದು ಸಲ ನೋಡುವಾ’ ಎಂದವರು ಎಂಜಿನ್ ಕಳೆದುಕೊಳ್ಳುತ್ತಾರೆ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಬಂತು. ಮಣ್ಣು ಮನುಷ್ಯರನ್ನೂ ಲಾರಿಯನ್ನೂ ಗಂಗಾವಳಿಗೆ ತಳ್ಳಿತು. ಆ ಲಾರಿ ನೀರಿನಿಂದ ಮೇಲೆ ಬರಲು ಎರಡು ತಿಂಗಳು ಮೀರಿತು. ಗುಡ್ಡ ಕುಸಿದ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾಳಿ ಹೊಳೆಯ ಹಳೆಯ ಸೇತುವೆ ಕುಸಿಯಿತು. ಬಿದ್ದ ಲಾರಿಯ ಚಾಲಕ ಬದುಕಿ ಬಂದ. ಗಾಡಿ ಯಾವಾಗ ರೆಡಿ ಎಂದು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದವರು ಆ ದಿನಗಳಲ್ಲಿ ರಸ್ತೆ ಇದೆಯೇ ಎಂದು ಮಾತ್ರ ಕೇಳುತ್ತಿದ್ದರು.

ಹೀಗಾಗಿ ಪ್ರತಿ ಬಿಲ್ಲೂ ಪಾಲುಪಟ್ಟಿಯೇ. ಕಂಪನಿಯ ಪಾಲು ಎಷ್ಟು, ವಿಮೆಯದ್ದೆಷ್ಟು, ಮಾಲೀಕರ ಅಸಡ್ಡೆಯದ್ದೆಷ್ಟು, ನಮ್ಮ ಹುಡುಗರ ಕೈತಪ್ಪಿನದ್ದೆಷ್ಟು ಎಂದು ವಿಂಗಡಿಸಿದ ಮೇಲೂ ಯಾರದ್ದೂ ಅಲ್ಲದ ಒಂದು ಮೊತ್ತ ಉಳಿಯುತ್ತದೆ. ವಾರಂಟಿ ಪುಸ್ತಕ ಅದನ್ನು ಪರಿಸರದ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತದೆ. ಆ ಮೊತ್ತವನ್ನು ಬೇರೆ ಯಾವುದೋ ಕಾಲಮ್ಮಿನಲ್ಲಿ ತುರುಕಿ ವಸೂಲು ಮಾಡುವುದು ಈ ಧಂದೆಯ ಸುಲಭದ ದಾರಿ, ಧಂದೆಗೆ ಹೆಸರು ಕೆಟ್ಟದ್ದೂ ಅದರಿಂದಲೇ. ನಾನು ಗಾಡಿಯನ್ನು ಲಿಫ್ಟಿಗೇರಿಸಿ, ಸೋಫಾದಿಂದ ಮಾಲೀಕರನ್ನು ಎಬ್ಬಿಸಿ, ಟಾರ್ಚ್ ಕೊಟ್ಟು ಅಡಿಗೆ ಕರೆದೊಯ್ಯುತ್ತೇನೆ. ಬಿಚ್ಚುವ ಮೊದಲೇ ಅವರು ಕಣ್ಣಾರೆ ಕಂಡದ್ದಕ್ಕೆ ಬಿಚ್ಚಿದ ಮೇಲೆ ಜಗಳವಿರುವುದಿಲ್ಲ. ಚೌಕಾಸಿ ಇರುತ್ತದೆ, ಅದು ಬೇರೆ. “ಸಮುದ್ರದ್ದು ಸರಿ, ಲೇಬರಿನಲ್ಲಿ ಸ್ವಲ್ಪ ಬಿಡಿ” ಎನ್ನುತ್ತಾರೆ. ಬಿಡುತ್ತೇನೆ. ಸಮುದ್ರದ ಪಾಲನ್ನು ಇಬ್ಬರೂ ಅರ್ಧರ್ಧ ಹೊತ್ತಂತಾಯಿತು.

ಸರ್ವಿಸ್ ಆದ ಮೇಲೆ ಎಲ್ಲೋ ದೊಡ್ಡ ಊರಿನ ಕಾಲ್ ಸೆಂಟರಿನಿಂದ ಗ್ರಾಹಕರಿಗೆ ಫೋನು ಬರುತ್ತದೆ, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು. ಮೊನ್ನೆ ಅಡಿಕೆ ತೋಟದವರು ಅತಿ ಪ್ರಾಮಾಣಿಕರಾಗಿ ಉತ್ತರಿಸಿದರಂತೆ: “ಸರ್ವಿಸಿಗೆ ಹತ್ತು, ಅರಬೈಲಿಗೆ ಎರಡು.” ಫೋನ್ ಮಾಡಿದ ಹುಡುಗಿಯ ಫಾರ್ಮಿನಲ್ಲೂ ಅರಬೈಲಿಗೆ ಕಾಲಂ ಇರಲಿಲ್ಲ. ಸರಾಸರಿ ತೆಗೆದು ಆರು ಹಾಕಿಕೊಂಡಳು. ನನ್ನ ಆ ತಿಂಗಳ ಇನ್ಸೆಂಟಿವ್ ಘಟ್ಟ ಇಳಿಯಿತು, ನ್ಯೂಟ್ರಲ್‌ನಲ್ಲೇ.