ಮೈಗೆ ಅಂಟದ ಮಣ್ಣು

ಮಳೆಗಾಲದಲ್ಲಿ ಹಿರಿಯೂರಿನ ಕಡೆಯ ಎರೆಹೊಲದಲ್ಲಿ ಹತ್ತು ಹೆಜ್ಜೆ ನಡೆದವರಿಗೆ ಆ ಮಣ್ಣಿನ ಪ್ರೀತಿ ಎಂಥದೆಂಬುದು ಗೊತ್ತು. ಮೊದಲ ಹೆಜ್ಜೆಗೆ ಚಪ್ಪಲಿಯನ್ನು ಹಿಡಿಯುತ್ತದೆ. ಐದನೆಯದಕ್ಕೆ ಕಾಲು ಆನೆಯ ಕಾಲಾಗುತ್ತದೆ. ಹತ್ತನೆಯದಕ್ಕೆ ಚಪ್ಪಲಿ ಅಲ್ಲಿ, ನಾವು ಇಲ್ಲಿ. ಹೊಳಲ್ಕೆರೆ, ಹೊಸದುರ್ಗದ ಕೆಮ್ಮಣ್ಣಿನ ನೆಂಟರು ಇದನ್ನು ಕೇಳಿ ನಗುವುದುಂಟು. ಅವರದು ಕೊಡವಿದರೆ ಉದುರುವ ಸಂಭಾವಿತ ಮಣ್ಣು.

ನಮ್ಮ ತಂದೆ ಎರೆಮಣ್ಣಿನಲ್ಲಿಯೇ ಬಾಳು ಸವೆಸಿದವರು. ಹದ ತುಸು ಮೀರಿತೆಂದರೆ ನೇಗಿಲ ಗುಳಕ್ಕೆ ಮಣ್ಣು ಮುದ್ದೆಯಾಗಿ ಮೆತ್ತಿಕೊಳ್ಳುತ್ತಿತ್ತು. ಸಾಲು ಸಾಲಿಗೂ ಎತ್ತು ನಿಲ್ಲಿಸಿ ಕೋಲಿನಿಂದ ಕೆರೆಯಬೇಕು. ಆ ಕೆಲಸ ನನ್ನದು. ಒಮ್ಮೆ ಬೇಸರದಿಂದ, ಉಂಡೆ ಉರುಳಿಸುತ್ತಿದ್ದ ಸಗಣಿ ಹುಳುವೊಂದನ್ನು ತುಳಿಯಲು ಕಾಲೆತ್ತಿದೆ.

“ಯಾಕಲೇ? ಅದೂ ನಮ್ಮಂಗೆ ಹೊಲದಾಗೆ ದುಡಿಯೋದು. ಅದರ ಮೈ ನೋಡು, ಒಂದು ಚೂರು ಮಣ್ಣು ಐತೇನು? ಅದು ಹೆಂಗೆ ಅಂತ ಓದಿ ನಂಗೂ ಹೇಳು” ಎಂದರು ಅಪ್ಪ.

ನೋಡಿದೆ. ಸಗಣಿಯಿಂದೆದ್ದು ಕೆಸರಿಗಿಳಿದ ಹುಳು ಎಣ್ಣೆ ಒರಸಿದಂತೆ ಥಳಥಳಿಸುತ್ತಿತ್ತು.

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ದುರ್ಗದಲ್ಲಿ, ಪ್ರಾಣಿಶಾಸ್ತ್ರದ ಮಿತ್ರರೊಬ್ಬರಿಂದ. ಕಬ್ಬಿಣಕ್ಕೆ ಜಿಗಟು ಮಣ್ಣು ಅಂಟುವುದು ಬಹುಮಟ್ಟಿಗೆ ನಡುವಿನ ತೆಳುವಾದ ನೀರಿನ ಪೊರೆಯಿಂದ. ನುಣುಪಾದ ತಗಡಿನ ಮೇಲೆ ಆ ಪೊರೆ ಎಡೆಬಿಡದೆ ಹರಡುತ್ತದೆ. ಹುಳುವಿನ ತಲೆ, ಬೆನ್ನುಗಳಾದರೋ ಕಣ್ಣಿಗಷ್ಟೇ ನುಣುಪು. ಸೂಕ್ಷ್ಮದರ್ಶಕದಲ್ಲಿ ಸಣ್ಣ ಸಣ್ಣ ಉಬ್ಬುಗಳು ಕಾಣುತ್ತವೆ. ಮಣ್ಣು ಅವುಗಳ ನೆತ್ತಿಯನ್ನಷ್ಟೇ ಮುಟ್ಟುತ್ತದೆ. ಸಂದಿಯಲ್ಲಿ ಗಾಳಿ ಉಳಿದು ಪೊರೆ ಹರಿಯುತ್ತದೆ. ಚೀನದ ಚಾಂಗ್‌ಚುನ್ ನಗರದಲ್ಲಿ ರೆನ್ ಲೂಚುವಾನ್ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಈ ಹುಳುವಿನಿಂದ ಪಾಠ ಕಲಿತು, ನೇಗಿಲಿನ ಮಣ್ಣು ಮಗುಚುವ ಹಲಗೆಗೆ ಇಂಥವೇ ಉಬ್ಬುಗಳನ್ನು ಕೂರಿಸಿ ನೋಡಿದರು. ಮಣ್ಣು ಅಂಟುವುದು ತಗ್ಗಿತು. ಎಳೆಯುವ ಭಾರವೂ ಇಳಿಯಿತು.

ನಾನು ಕನ್ನಡದ ಮೇಷ್ಟ್ರು. ತಾವರೆಯೆಲೆಯ ನೀರಹನಿಯ ಉಪಮೆಯನ್ನು ವರ್ಷ ವರ್ಷವೂ ಪಾಠ ಹೇಳುವವನು. ಆ ಎಲೆಯ ನಿರ್ಲೇಪಕ್ಕೂ ಮೇಣ ಹೊದ್ದ ಇಂಥ ಉಬ್ಬುಗಳೇ ಕಾರಣವೆಂದು ಜರ್ಮನಿಯ ಬಾರ್ತ್‌ಲಾಟ್ ಮತ್ತು ನೈನ್‌ಹೌಸ್ 1997ರಲ್ಲಿಯೇ ವಿವರಿಸಿದ್ದಾರೆ. ನಿರ್ಲೇಪವೆಂದರೆ ನುಣುಪು ಎಂದುಕೊಂಡಿದ್ದ ನನಗೆ ಅಪ್ಪನ ಅಂಗೈ ನೆನಪಾಯಿತು. ಅಲ್ಲಿ ಉದ್ದಕ್ಕೂ ದಡ್ಡು. ಸಂಜೆ ಒಂದು ಚೊಂಬು ನೀರಿಗೆ ಆ ಕೈ ಶುಚಿಯಾಗುತ್ತಿತ್ತು. ಹುಳುವಿನಂತೆ ಅವರೂ ಮಣ್ಣಿನೊಳಗಿದ್ದೇ ಶುಚಿಯಾದವರು. ನಾನು ದೂರ ನಿಂತು ಶುಚಿಯಾದವನು.

ಆಗ ಅಪ್ಪ ಇನ್ನೂ ಇದ್ದರು. ಊರಿಗೆ ಹೋದಾಗ ಹೇಳೋಣವೆಂದುಕೊಂಡೆ. ಆದರೆ ಪಾದರಕ್ಷೆ ಕೆಡುತ್ತದೆಂದು ಮಳೆಗಾಲದಲ್ಲಿ ಹೋಗಲಿಲ್ಲ. ಬೇಸಿಗೆಯಲ್ಲಿ ಪರೀಕ್ಷೆಯ ಪತ್ರಿಕೆಗಳಿದ್ದವು. ಹೇಳುವುದು ಉಳಿದೇಹೋಯಿತು.

ಕಳೆದ ವರ್ಷ ಅಪ್ಪನ ತಿಥಿಗೆ ಹೋದವನು ಹೊಲದ ಬದುವಿನಲ್ಲಿ ನಿಂತು ಅಣ್ಣನಿಗೆ ಇದನ್ನೆಲ್ಲ ವಿವರಿಸಿದೆ. ಆತ ಟ್ರ್ಯಾಕ್ಟರ್ ನಿಲ್ಲಿಸಿ, ನೇಗಿಲಿನ ಮಣ್ಣು ಕೆರೆಯುತ್ತಲೇ ಕೇಳಿಸಿಕೊಂಡ.

“ಅಪ್ಪ ಇದ್ದಾಗ ಹೇಳಬೇಕಿತ್ತು ಕಣೋ” ಎಂದು ಕೋಲನ್ನು ನನ್ನ ಕೈಗೆ ಕೊಟ್ಟ.

ಚಪ್ಪಲಿ ಬಿಟ್ಟು ಹೊಲಕ್ಕಿಳಿದೆ.