ಯಾರ ದುಡ್ಡು, ಯಾರ ಓಟು: ಕೆಲವು ಟಿಪ್ಪಣಿಗಳು

ನೆಸ್ಲೆ ಇಂಡಿಯಾದ ಷೇರುದಾರರು 2024ರ ಮೇ ತಿಂಗಳಲ್ಲಿ ಹಾಕಿದ ಓಟಿನ ಲೆಕ್ಕ ತಲೆಯಿಂದ ಹೋಗುತ್ತಿಲ್ಲ. ಸ್ವಿಟ್ಜರ್ಲೆಂಡಿನ ಮೂಲ ಕಂಪನಿಗೆ ಕೊಡುವ ರಾಯಧನವನ್ನು ಮಾರಾಟದ ಶೇ 4.5ರಿಂದ ವರ್ಷಕ್ಕೆ ಶೇ 0.15ರಂತೆ ಏರಿಸುತ್ತ ಐದು ವರ್ಷಕ್ಕೆ ಶೇ 5.25 ಮಾಡಬೇಕೆಂಬುದು ಪ್ರಸ್ತಾವ. ನಿರ್ದೇಶಕ ಮಂಡಳಿ ಒಪ್ಪಿಗೆ ಕೊಟ್ಟಾಗಿತ್ತು. ಓಟಿಗೆ ಹಾಕಿದಾಗ ಪರ ಶೇ 42.82, ವಿರುದ್ಧ ಶೇ 57.18. ಪ್ರಸ್ತಾವ ಬಿದ್ದುಹೋಯಿತು.

ಕಂಪನಿಯ ಶೇ 62ಕ್ಕೂ ಹೆಚ್ಚು ಷೇರು ಅದೇ ಮೂಲ ಕಂಪನಿಯ ಬಳಗದ ಕೈಯಲ್ಲಿದೆ. ಅಷ್ಟು ಪಾಲು ಇಟ್ಟುಕೊಂಡೂ ಸೋತದ್ದು ಹೇಗೆ? ಹುಡುಕಿದರೆ ಉತ್ತರ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಲ್ಲಿದೆ. ದೊಡ್ಡ ವ್ಯವಹಾರದಲ್ಲಿ ಹಣ ಪಡೆಯುವವನೇ ಪ್ರವರ್ತಕನಾಗಿದ್ದರೆ, ಆ ವ್ಯವಹಾರಕ್ಕೆ ಒಪ್ಪಿಗೆ ಕೊಡುವ ಓಟು ಅವನಿಗಿಲ್ಲ. ಉಳಿದವರು ಮಾತ್ರ ತೀರ್ಮಾನಿಸಬೇಕು. ಅಷ್ಟೇ ಒಂದು ಸಾಲಿನ ನಿಯಮ. ಅದಿಲ್ಲದಿದ್ದರೆ ಈ ಏರಿಕೆ ಸದ್ದಿಲ್ಲದೆ ಪಾಸಾಗುತ್ತಿತ್ತು.

*

ಐಷರ್ ಮೋಟಾರ್ಸ್, 2021ರ ಆಗಸ್ಟ್. ರಾಯಲ್ ಎನ್‌ಫೀಲ್ಡ್ ಬೈಕು ಮಾಡುವ ಕಂಪನಿ. ವ್ಯವಸ್ಥಾಪಕ ನಿರ್ದೇಶಕರ ಮರುನೇಮಕ, ಸಂಬಳ ಎರಡೂ ಒಂದೇ ನಿರ್ಣಯದಲ್ಲಿ. ಇಲ್ಲಿ ಪ್ರವರ್ತಕರಿಗೂ ಓಟಿತ್ತು, ಅವರ ಪಾಲು ಹತ್ತಿರಹತ್ತಿರ ಅರ್ಧ. ಪರವಾಗಿ ಬಂದದ್ದು ಸುಮಾರು ಶೇ 73. ಆದರೂ ಸೋಲು, ಏಕೆಂದರೆ ಅದು ವಿಶೇಷ ನಿರ್ಣಯ, ಮುಕ್ಕಾಲು ಪಾಲು ಬೇಕು. ಆಮೇಲೆ ಸಂಬಳಕ್ಕೆ ಮಿತಿ ಹಾಕಿ, ಎರಡನ್ನೂ ಬೇರೆಬೇರೆ ಮಾಡಿ ತಂದಾಗ ಒಪ್ಪಿಗೆ ಸಿಕ್ಕಿತು. ಷೇರುದಾರರಿಗೆ ಮನುಷ್ಯನ ಮೇಲೆ ಸಿಟ್ಟಿರಲಿಲ್ಲ, ಸಂಬಳದ ಮೇಲಿತ್ತು. ಇಷ್ಟು ಸ್ಪಷ್ಟವಾದ ಮಾತನ್ನು ಓಟಿನಲ್ಲಿ ಹೇಳಬಹುದು ಎಂದು ತಿಳಿದು ನನಗೆ ನಿಜಕ್ಕೂ ಸಂತೋಷವಾಯಿತು.

*

ಕಂಪನಿ ಕಾಯ್ದೆ 2013, ಕಲಂ 151. ಸಣ್ಣ ಷೇರುದಾರರು ತಮ್ಮದೇ ಒಬ್ಬ ನಿರ್ದೇಶಕನನ್ನು ಆರಿಸಬಹುದು. ಸಾವಿರ ಮಂದಿ ಅಥವಾ ಒಟ್ಟು ಸಣ್ಣ ಷೇರುದಾರರಲ್ಲಿ ಹತ್ತನೇ ಒಂದು ಭಾಗ, ಯಾವುದು ಕಡಿಮೆಯೋ ಅಷ್ಟು ಜನ ನೋಟಿಸು ಕೊಟ್ಟರೆ ಸಾಕು.

ಸಣ್ಣವರು ಅಂದರೆ ಯಾರು? 20,000 ರೂಪಾಯಿ ಮೀರದ ಷೇರು ಉಳ್ಳವರು. ಓದಿದಾಗ ಸರಿ ಅನ್ನಿಸಿತು. ಆಮೇಲೆ ಕಣ್ಣಿಗೆ ಬಿದ್ದದ್ದು, ಆ 20,000 ಮುಖಬೆಲೆಯ ಲೆಕ್ಕ, ಪೇಟೆ ಬೆಲೆಯದಲ್ಲ. ಎಂಆರ್‌ಎಫ್ ಷೇರಿನ ಮುಖಬೆಲೆ 10 ರೂಪಾಯಿ. ಪೇಟೆಯಲ್ಲಿ ಅದು 2023ರಲ್ಲೇ ಲಕ್ಷ ರೂಪಾಯಿ ದಾಟಿತು. ಅಂದರೆ 2,000 ಷೇರು, 20 ಕೋಟಿ ರೂಪಾಯಿ ಇಟ್ಟುಕೊಂಡವರೂ ಸಣ್ಣ ಷೇರುದಾರರೇ. ಹತ್ತು ಷೇರು ಕೊಂಡ ನಿವೃತ್ತ ಮೇಷ್ಟರೂ ಅವರೂ ಒಂದೇ ಸಾಲಿನಲ್ಲಿ. ಈ ಅಳತೆಯನ್ನು ಯಾಕೆ ಹೀಗೆ ಇಟ್ಟರು, ಇಟ್ಟಮೇಲೆ ಯಾಕೆ ತಿದ್ದಲಿಲ್ಲ?

*

ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿ. 2008ರ ಡಿಸೆಂಬರ್ 16ರಂದು ಪ್ರವರ್ತಕರ ಕುಟುಂಬದ ಎರಡು ಮೇತಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳಲು ಮಂಡಳಿ ಒಪ್ಪಿತು. ಹೂಡಿಕೆದಾರರು ತಿರುಗಿಬಿದ್ದರು, ಗಂಟೆಗಳಲ್ಲೇ ಪ್ರಸ್ತಾವ ವಾಪಸಾಯಿತು. ಅದು ಕೈಗೂಡದೆ ಹೋದದ್ದರಿಂದಲೇ ಮುಚ್ಚಿಟ್ಟ ಸುಳ್ಳು ಲೆಕ್ಕ ಹೊರಬಂತು. ಮುಂದಿನ ಜನವರಿ 7ರಂದು ಕಂಪನಿಯ ಅಧ್ಯಕ್ಷರು ಬರೆದ ತಪ್ಪೊಪ್ಪಿಗೆ ಪತ್ರವನ್ನು ದೇಶವೇ ಓದಿತು.

ನನ್ನನ್ನು ಕಾಡುವುದು ಅದರ ಮುಂದಿನ ಭಾಗ. ನ್ಯೂಯಾರ್ಕಿನಲ್ಲಿ ಸತ್ಯಂ ಷೇರು ಕೊಂಡಿದ್ದವರು ಅಲ್ಲಿನ ನ್ಯಾಯಾಲಯದಲ್ಲಿ ಒಟ್ಟಾಗಿ ದಾವೆ ಹೂಡಿದರು. ಕಂಪನಿಯಿಂದ 12.5 ಕೋಟಿ ಡಾಲರು, ಲೆಕ್ಕಪರಿಶೋಧಕರಿಂದ 2.55 ಕೋಟಿ ಡಾಲರು ಪಡೆದರು. ಇಲ್ಲಿ ಹೂಡಿಕೆದಾರರ ಸಂಘವೊಂದು ಗ್ರಾಹಕ ಆಯೋಗಕ್ಕೆ ಹೋಗಿ, ಸುಪ್ರೀಂ ಕೋರ್ಟಿಗೂ ಹೋಗಿ ಬರಿಗೈಲಿ ಮರಳಿತು. ಅದೇ ಕಂಪನಿ, ಅದೇ ಸುಳ್ಳು ಲೆಕ್ಕ. ಷೇರು ಕೊಂಡ ಊರು ಮಾತ್ರ ಬೇರೆ. ನಮ್ಮಲ್ಲಿ ಒಟ್ಟಾಗಿ ದಾವೆ ಹೂಡುವ ಹಕ್ಕು ಕಂಪನಿ ಕಾಯ್ದೆಯ ಕಲಂ 245ರಲ್ಲಿ ಬಂದು, ಜಾರಿಯಾದದ್ದು 2016ರಲ್ಲಿ. ಕಳಕೊಂಡವರಿಗೆ ಅದರಿಂದ ಏನೂ ಸಿಗಲಿಲ್ಲ.

*

ಅದೇ ಕಾಯ್ದೆಯ ಕಲಂ 166: ನಿರ್ದೇಶಕರು ಷೇರುದಾರರ ಜೊತೆಗೆ ನೌಕರರು, ಸಮುದಾಯ, ಪರಿಸರ ಎಲ್ಲರ ಹಿತವನ್ನೂ ನೋಡಬೇಕು. ಒಳ್ಳೆಯ ಮಾತು. ಕಲಂ 178: ಪಾಲುದಾರರ ಸಂಬಂಧ ಸಮಿತಿ ಇರಬೇಕು. ಆದರೆ ಆ ಸಮಿತಿ ನೋಡುವುದು ಷೇರು, ಡಿಬೆಂಚರು ಮುಂತಾದ ಪತ್ರ ಉಳ್ಳವರ ದೂರುಗಳನ್ನು. ಗೇಟಿನ ಹೊರಗೆ ಕೊಳೆನೀರು ಹರಿಯುವ ಊರಿನವರು ಯಾವ ಸಮಿತಿಗೆ ಬರೆಯಬೇಕು? ಕಲಂ 166 ಅವರ ಹೆಸರು ಹೇಳಿ ಸುಮ್ಮನಾಗುತ್ತದೆ.

ಊರಿನವರಿಗೆ ಓಟೆಂದರೆ ಗೊತ್ತಿಲ್ಲವೆಂದಲ್ಲ. ಗದಗದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಊರಿನ ಹಾಲಿನ ಸಂಘದಲ್ಲಿ ಸದಸ್ಯನಿಗೆ ಒಂದು ಓಟು, ಹಸು ಎರಡಿರಲಿ ಇಪ್ಪತ್ತಿರಲಿ. ಕಂಪನಿಯಲ್ಲಿ ಷೇರಿಗೆ ಒಂದು ಓಟು. ಈ ವ್ಯತ್ಯಾಸ ನಮ್ಮ ಹಳ್ಳಿಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

*

ಇ–ವೋಟಿಂಗ್ ನೋಟಿಸು ಮೇಲ್‌ಗೆ ಬರುತ್ತದೆ. ಕನಿಷ್ಠ ಮೂರು ದಿನ ಕಿಟಕಿ ತೆರೆದಿರುತ್ತದೆ, ಸಭೆಯ ಹಿಂದಿನ ಸಂಜೆ ಐದಕ್ಕೆ ಮುಚ್ಚುತ್ತದೆ. ಡಿಮ್ಯಾಟ್ ಖಾತೆಯುಳ್ಳ ಗೆಳೆಯರನ್ನು ಕೇಳಿದೆ. ಡಿವಿಡೆಂಡು ಬಂದದ್ದು ಎಲ್ಲರಿಗೂ ಗೊತ್ತು, ಓಟು ಹಾಕಿದ್ದು ಯಾರಿಗೂ ನೆನಪಿಲ್ಲ. ನೆಸ್ಲೆಯಲ್ಲೂ ತಡೆದು ನಿಲ್ಲಿಸಿದ್ದು ಬಹುಪಾಲು ಮ್ಯೂಚುವಲ್ ಫಂಡುಗಳಂಥ ಸಂಸ್ಥೆಗಳೇ. ಫಂಡುಗಳು ಎಲ್ಲ ನಿರ್ಣಯಗಳಿಗೂ ಕಡ್ಡಾಯವಾಗಿ ಓಟು ಹಾಕಬೇಕೆಂದು 2022ರ ಏಪ್ರಿಲ್‌ನಿಂದ ಸೆಬಿ ಮಾಡಿದೆ, ಕಾರಣವನ್ನೂ ಬರೆದು ಪ್ರಕಟಿಸಬೇಕು. ಆದರೆ ಆ ಓಟಿನ ಹಿಂದಿರುವ ದುಡ್ಡು ಎಸ್‌ಐಪಿ ಕಟ್ಟುವವರದ್ದು, ಪಿಎಫ್ ಕಡಿತವಾಗುವವರದ್ದು.

ಪಿಎಫ್ ಅಂದಾಗ ನೆನಪಾಗುವುದು 2016ರ ಏಪ್ರಿಲ್ 18, 19. ಪಿಎಫ್ ಹಿಂಪಡೆಯಲು ಕೇಂದ್ರ ಸರ್ಕಾರ ಹೊಸ ನಿರ್ಬಂಧ ತಂದಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಎರಡನೇ ದಿನವೇ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ತಮ್ಮ ದುಡ್ಡಿನ ಬಗ್ಗೆ ಇಷ್ಟು ಖಚಿತವಾಗಿ ಮಾತಾಡಿದ ಹೂಡಿಕೆದಾರರನ್ನು ನಾನು ಬೇರೆ ಕಂಡಿಲ್ಲ.

ಆ ಪಿಎಫ್‌ನ ಒಂದು ಭಾಗ 2015ರ ಆಗಸ್ಟ್‌ನಿಂದ ಇಟಿಎಫ್ ಎಂಬ ಸೂಚ್ಯಂಕ ಫಂಡುಗಳ ಮೂಲಕ ನಿಫ್ಟಿ, ಸೆನ್ಸೆಕ್ಸ್ ಕಂಪನಿಗಳಿಗೆ ಹೋಗುತ್ತಿದೆ. ಅಂದರೆ ಬೊಮ್ಮನಹಳ್ಳಿಯಲ್ಲಿ ಕಾಲರು ಹೊಲಿಯುವ ಹುಡುಗಿಗೂ ದೇಶದ ಅತಿ ದೊಡ್ಡ ಕಂಪನಿಗಳಲ್ಲಿ ಚೂರು ಪಾಲಿದೆ. ಆ ಪಾಲಿನ ಓಟನ್ನು ಹಾಕುವುದು ಫಂಡ್ ಮ್ಯಾನೇಜರು. ಅವಳ ಪಾಸ್‌ಬುಕ್ಕಿನಲ್ಲಿ ವಂತಿಗೆ ಇದೆ, ಬಡ್ಡಿ ಇದೆ. ಯಾವ ಕಂಪನಿಯ ಯಾವ ಸಂಬಳಕ್ಕೆ, ಯಾವ ರಾಯಧನಕ್ಕೆ ಅವಳ ದುಡ್ಡು ಹೂಂ ಅಂದಿತು ಎಂಬುದಿಲ್ಲ.

ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒದ ಕೇಂದ್ರ ಟ್ರಸ್ಟಿ ಮಂಡಳಿಯಲ್ಲಿ ನೌಕರರ ಪ್ರತಿನಿಧಿಗಳು ಹತ್ತು ಮಂದಿ. ಫಂಡುಗಳ ಓಟಿನ ಪಟ್ಟಿ ತರಿಸಿ ಓದುವುದು, ಯಾಕೆ ಹಾಗೆ ಹಾಕಿದಿರಿ ಎಂದು ಸಭೆಯಲ್ಲಿ ಕೇಳುವುದು ಅವರಿಂದ ಆಗುವ ಕೆಲಸ. ಅವರು ಕೇಳಬೇಕು.